ಜಾಲಕ್ಕೂ ಬೇಕು ನೀರಗಂಟಿ

ಒಂದೇ ಕಂಪನಿಯ ಸಾಮಾಜಿಕ ಜಾಲವನ್ನು ಬಿಟ್ಟು ಹಲವರ ಒಕ್ಕೂಟದ ಜಾಲಕ್ಕೆ ಹೊರಡುವವರು ಮೊದಲೇ ತಿಳಿದಿರಬೇಕಾದ ಲಾಭ, ನಷ್ಟ, ಹೊಣೆ

ಮೈಸೂರು ಸಂಸ್ಥಾನದಲ್ಲಿ 1908ನೆಯ ಇಸವಿಯಲ್ಲಿ, ವಿ. ಪಿ. ಮಾಧವರಾಯರು ದಿವಾನರಾಗಿದ್ದ ಕಾಲದಲ್ಲಿ, ವೃತ್ತಪತ್ರಿಕೆಗಳನ್ನು ಕುರಿತ ನಿಬಂಧನೆಯೊಂದು ಜಾರಿಗೆ ಬಂದಿತು. ಸರ್ಕಾರದ ಅನುಮತಿಯಿಲ್ಲದೆ ಯಾರೂ ಪತ್ರಿಕೆಯನ್ನು ಹೊರಡಿಸಕೂಡದೆಂಬುದು ಅದರ ಮುಖ್ಯ ವಿಧಿಯಾಗಿದ್ದಿತು. ತಾತಯ್ಯನವರೆಂದು ಜನ ಪ್ರೀತಿಯಿಂದ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು, ಹಾಗೆ ಅನುಮತಿ ಬೇಡಿ ಪತ್ರಿಕೆ ನಡೆಸುವುದಕ್ಕಿಂತ ನಡೆಸದಿರುವುದೇ ಲೇಸೆಂದು ಬಗೆದು, ಪ್ರತಿಭಟನಾರ್ಥವಾಗಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿಬಿಟ್ಟರು. ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿ, ಆ ನಿಬಂಧನೆಯ ನೆರಳು ಇನ್ನೂ ಕವಿದಿದ್ದ ಕಾಲದಲ್ಲಿಯೇ ಪತ್ರಿಕಾವೃತ್ತಿಯನ್ನು ಕೈಕೊಂಡ ಡಿ. ವಿ. ಗುಂಡಪ್ಪನವರು, 1913ರಲ್ಲಿ ‘ಕರ್ನಾಟಕ’ ಪತ್ರಿಕೆಯನ್ನು ಆರಂಭಿಸಿದುದಲ್ಲದೆ, ವೃತ್ತಪತ್ರಿಕೆಯ ಧರ್ಮವನ್ನೇ ವಿಷಯವಾಗಿಟ್ಟುಕೊಂಡು ಒಂದು ಗ್ರಂಥವನ್ನೂ ಬರೆದರು. ಸಾರ್ವಜನಿಕ ಮಾತಿನ ಬೀಗದಕೈ ಯಾರಲ್ಲಿರಬೇಕೆಂಬ ಪ್ರಶ್ನೆ, ಹಾಗಾಗಿ, ಈ ಸೀಮೆಗೆ ಹೊಸತೇನೂ ಅಲ್ಲ.

ಒಂದು ಶತಮಾನಕ್ಕೆ ಮಿಕ್ಕ ಕಾಲ ಕಳೆದ ಮೇಲೆ, ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯ ಮೇಲಿರುವ ದೇವರಾಯಸಮುದ್ರದಂಥ ಊರಿನಲ್ಲಿ, ಅಂದಿನ ಪತ್ರಿಕೆಯವನಿಗೆ ಬೇಕಾಗಿದ್ದ ಅಚ್ಚುಕೂಟವಾಗಲಿ, ಸೀಸದ ಮೊಳೆಗಳಾಗಲಿ, ಸರ್ಕಾರದ ರಹದಾರಿಯಾಗಲಿ ಯಾವುದೂ ಇಲ್ಲದೆ, ಕೈಯಲ್ಲಿರುವ ಫೋನೊಂದರಿಂದಲೇ ಒಬ್ಬ ರೈತನು ಕೋಲಾರದ ಮಾರುಕಟ್ಟೆಯಲ್ಲಿ ಟೊಮ್ಯಾಟೊ ಬಾಕ್ಸು ಎಷ್ಟಕ್ಕೆ ಹೋಯಿತೆಂಬುದನ್ನೂ, ಹಾಲಿನ ಡೇರಿಯ ಬಟವಾಡೆ ಎಂದೆಂಬುದನ್ನೂ, ಊರ ಜಾತ್ರೆಯ ಚಿತ್ರಗಳನ್ನೂ, ಪಂಚಾಯಿತಿಯ ಕೆಲಸದ ಮೇಲಿನ ತನ್ನ ಆಕ್ಷೇಪಣೆಯನ್ನೂ ಕ್ಷಣಮಾತ್ರದಲ್ಲಿ ಸಾವಿರಾರು ಮಂದಿಗೆ ಮುಟ್ಟಿಸಬಲ್ಲನು. ಇದು ಸಾಮಾನ್ಯವಾದ ಲಾಭವಲ್ಲ. ಆದರೆ ಆ ಮಾತು ಯಾರ ಕಣ್ಣಿಗೆ ಮೊದಲು ಬೀಳಬೇಕು, ಎಷ್ಟು ಹೊತ್ತು ನಿಲ್ಲಬೇಕು, ಅದರ ಅಕ್ಕಪಕ್ಕದಲ್ಲಿ ಯಾವ ಜಾಹೀರಾತು ಇರಬೇಕು, ಬರೆದವನ ಖಾತೆ ನಾಳೆಯೂ ಇರಬೇಕೇ ಎಂಬ ಸಮಸ್ತ ನಿರ್ಣಯಗಳೂ ಫೇಸ್‌ಬುಕ್, ಎಕ್ಸ್, ಇನ್‌ಸ್ಟಾಗ್ರಾಂಗಳಂಥ ಕೆಲವೇ ತಾಣಗಳನ್ನು ನಡೆಸುವ, ಸಾಗರದಾಚೆಯ ಕಂಪನಿಗಳ ಕೈಯಲ್ಲಿವೆ. ದಿವಾನರ ಕಚೇರಿಗೆ ಅರ್ಜಿಯನ್ನಾದರೂ ಕೊಡಬಹುದಾಗಿತ್ತು. ಈ ಕಂಪನಿಗಳಿಗೆ ಕೊಟ್ಟ ಅರ್ಜಿಯನ್ನು ಅನೇಕ ವೇಳೆ ಮನುಷ್ಯರೇ ಓದುವುದಿಲ್ಲ.

ಈ ಅಸಮಾಧಾನದಿಂದಲೇ ಕಳೆದ ಹದಿನೈದು ವರ್ಷಗಳಿಂದ ಬೇರೊಂದು ಬಗೆಯ ಜಾಲವನ್ನು ಕಟ್ಟುವ ಪ್ರಯತ್ನ ನಡೆದುಬಂದಿದೆ. ಅದಕ್ಕೆ ಒಬ್ಬನೇ ಒಡೆಯನಿಲ್ಲ. ನೂರಾರು, ಸಾವಿರಾರು ಸಣ್ಣ ಸರ್ವರುಗಳು ಒಂದು ಸಮಾನವಾದ ನಿಯಮಾವಳಿಗೆ ಒಳಪಟ್ಟು ತಮ್ಮತಮ್ಮೊಳಗೆ ಮಾತು ಸಾಗಿಸಿಕೊಳ್ಳುತ್ತವೆ. ವಿಕೇಂದ್ರಿತ ಜಾಲವೆಂದು ಇದನ್ನು ಕರೆಯುವುದುಂಟು. ಇಂಥ ಜಾಲಕ್ಕೆ ಹೋದರೆ ಏನು ಬರುತ್ತದೆ, ಏನು ಹೋಗುತ್ತದೆ, ಯಾವ ಹೊಣೆ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು, ಉತ್ಸಾಹಿಗಳ ಘೋಷಣೆಗಳಿಗೂ ನಿರಾಶರ ನಿಟ್ಟುಸಿರುಗಳಿಗೂ ಸಮದೂರದಲ್ಲಿ ನಿಂತು ವಿಚಾರಮಾಡಬೇಕಾಗಿದೆ.

ಹೋದವರು, ಮರಳಿದವರು

ಭಾರತದಲ್ಲಿ ಈ ವಿಷಯ ಜನರ ಬಾಯಿಗೆ ಬಂದುದು 2019ರ ನವೆಂಬರ್ ತಿಂಗಳಿನಲ್ಲಿ. ಸುಪ್ರೀಂ ಕೋರ್ಟಿನ ಹಿರಿಯ ವಕೀಲರಾದ ಸಂಜಯ್ ಹೆಗ್ಡೆಯವರು, ನಾಜಿ ಕಾಲದ ಜರ್ಮನಿಯಲ್ಲಿ ನೆರೆದವರೆಲ್ಲ ಕೈಯೆತ್ತಿ ವಂದಿಸುತ್ತಿರುವಾಗ ಒಬ್ಬನೇ ಒಬ್ಬ ಕೈಕಟ್ಟಿ ನಿಂತಿರುವ ಪ್ರಸಿದ್ಧ ಛಾಯಾಚಿತ್ರವನ್ನು ತಮ್ಮ ಟ್ವಿಟ್ಟರ್ ಖಾತೆಯಲ್ಲಿ ಇಟ್ಟುಕೊಂಡಿದ್ದರು. ದ್ವೇಷವನ್ನು ವಿರೋಧಿಸುವ ಆ ಚಿತ್ರವೇ ದ್ವೇಷದ ಚಿತ್ರವೆಂದು ಎಣಿಸಲ್ಪಟ್ಟು ಖಾತೆ ಅಮಾನತಾಯಿತು. ಒಮ್ಮೆ ಮರಳಿ ತೆರೆದ ಖಾತೆಯು, ಗೋರಖ್ ಪಾಂಡೆಯವರ ಹಿಂದಿ ಕವಿತೆಯೊಂದನ್ನು ಅವರು ಹಂಚಿಕೊಂಡಿದ್ದರೆಂಬ ಕಾರಣದಿಂದ ಮತ್ತೆ ಮುಚ್ಚಲ್ಪಟ್ಟಿತು. ಖಾತೆಗಳನ್ನು ದೃಢೀಕರಿಸುವುದರಲ್ಲಿ ಜಾತಿತಾರತಮ್ಯ ನಡೆಯುತ್ತಿದೆಯೆಂಬ ದೂರೂ ಅದೇ ದಿನಗಳಲ್ಲಿ ಎದ್ದಿತು. ಇವೆರಡೂ ಕೂಡಿದುದರಿಂದ, ಬಹಳ ಮಂದಿ ಭಾರತೀಯರು ಅದುವರೆಗೆ ಹೆಸರನ್ನೂ ಕೇಳದಿದ್ದ ಮಾಸ್ಟೊಡಾನ್ ಎಂಬ ಜಾಲದ ಕಡೆಗೆ ಗುಂಪಾಗಿ ಹೊರಟರು.

ಮಾಸ್ಟೊಡಾನ್ ಜರ್ಮನಿಯ ಯೂಜೆನ್ ರೋಖ್ಕೊ ಎಂಬ ತರುಣನು 2016ರಲ್ಲಿ ಹೊರತಂದ ತಂತ್ರಾಂಶ. ಅದರ ಮೂಲಸಂಕೇತವು ಯಾರು ಬೇಕಾದರೂ ತೆಗೆದುಕೊಂಡು ತಮ್ಮ ಯಂತ್ರದಲ್ಲಿ ಸ್ಥಾಪಿಸಿಕೊಳ್ಳುವಂತೆ ಮುಕ್ತವಾಗಿದೆ. ಅದಕ್ಕೂ ಹಿಂದೆ, 2010ರಲ್ಲಿ, ನ್ಯೂಯಾರ್ಕ್ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು ಫೇಸ್‌ಬುಕ್ಕಿಗೆ ಪರ್ಯಾಯವಾಗಿ ‘ಡಯಾಸ್ಪೊರಾ’ ಕಟ್ಟುವುದಾಗಿ ಹೇಳಿ ಹತ್ತು ಸಾವಿರ ಡಾಲರು ಕೇಳಿದಾಗ, ಜನ ಎರಡು ಲಕ್ಷ ಡಾಲರಿಗೂ ಹೆಚ್ಚು ಕೊಟ್ಟಿದ್ದರು. ನಮ್ಮ ದೇಶದ ಸ್ವತಂತ್ರ ತಂತ್ರಾಂಶ ಸಮುದಾಯದ ಸ್ವಯಂಸೇವಕರೂ ‘ಪೊಡ್ಡರಿ’ ಎಂಬ ಹೆಸರಿನಲ್ಲಿ ಅದರ ಸರ್ವರೊಂದನ್ನು ನಡೆಸಿದರು. ಆಸೆಗೆ ಕೊರತೆಯಿರಲಿಲ್ಲವೆಂದು ಇದರಿಂದ ತಿಳಿಯುತ್ತದೆ. ಆದರೆ 2019ರಲ್ಲಿ ಮಾಸ್ಟೊಡಾನಿಗೆ ಹೋದವರಲ್ಲಿ ಬಹುಪಾಲು ಜನ ಕೆಲವು ವಾರಗಳಲ್ಲಿಯೇ ಹಳೆಯ ಠಾವಿಗೆ ಹಿಂದಿರುಗಿದರು. ತಾವು ಓದಲಿಚ್ಛಿಸುತ್ತಿದ್ದವರು ಅಲ್ಲಿರಲಿಲ್ಲ. ತಮ್ಮನ್ನು ಓದುತ್ತಿದ್ದವರೂ ಬಂದಿರಲಿಲ್ಲ. 2022ರ ಅಕ್ಟೋಬರ್ 27ರಂದು ಇಲಾನ್ ಮಸ್ಕ್ 44 ಶತಕೋಟಿ ಡಾಲರಿಗೆ ಟ್ವಿಟ್ಟರನ್ನು ಕೊಂಡಾಗ ಜಗತ್ತಿನಾದ್ಯಂತ ಇದೇ ನಾಟಕ ದೊಡ್ಡ ಪ್ರಮಾಣದಲ್ಲಿ ನಡೆಯಿತು: ಮಾಸ್ಟೊಡಾನನ್ನು ತಿಂಗಳಿಗೊಮ್ಮೆಯಾದರೂ ಬಳಸುವವರ ಸಂಖ್ಯೆ ಆ ವರ್ಷದ ಕೊನೆಗೆ ಸುಮಾರು 25 ಲಕ್ಷಕ್ಕೆ ಏರಿ, ಆಮೇಲೆ ಅದರ ಅರ್ಧಕ್ಕಿಂತಲೂ ಕೆಳಗಿಳಿಯಿತು.

ಕನ್ನಡಿಗರಿಗೆ ಇನ್ನೂ ಹತ್ತಿರದ ಒಂದು ನಿದರ್ಶನವುಂಟು. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದಾವತ್ಕಾ ಎಂಬವರು ಬೆಂಗಳೂರಿನಲ್ಲಿ ಕಟ್ಟಿದ ‘ಕೂ’ ಎಂಬ ಜಾಲತಾಣವು 2020ರಲ್ಲಿ ಮೊಟ್ಟಮೊದಲು ಹೊರಬಂದುದು ಕನ್ನಡದಲ್ಲಿಯೇ. 2021ರ ಫೆಬ್ರವರಿಯಲ್ಲಿ, ರೈತ ಚಳವಳಿಯ ಸಂದರ್ಭದಲ್ಲಿ ಕೇಂದ್ರ ಸರ್ಕಾರಕ್ಕೂ ಟ್ವಿಟ್ಟರಿಗೂ ವಿವಾದವುಂಟಾದಾಗ, ಮಂತ್ರಿಗಳೂ ಇಲಾಖೆಗಳೂ ಅದರಲ್ಲಿ ಖಾತೆ ತೆರೆದುದರಿಂದ ಅದರ ಹೆಸರು ದೇಶವೆಲ್ಲ ಹಬ್ಬಿತು. ಅದೇ ವರ್ಷ ಟ್ವಿಟ್ಟರನ್ನು ನಿಷೇಧಿಸಿದ ನೈಜೀರಿಯ ಸರ್ಕಾರವೂ ಇದಕ್ಕೆ ಬಂದಿತು. ಅತ್ಯುನ್ನತ ಸ್ಥಿತಿಯಲ್ಲಿದ್ದಾಗ ದಿನವೊಂದಕ್ಕೆ 21 ಲಕ್ಷ ಜನ ತಮ್ಮ ತಾಣಕ್ಕೆ ಬರುತ್ತಿದ್ದರೆಂದು ಸ್ಥಾಪಕರೇ ಹೇಳಿಕೊಂಡಿದ್ದಾರೆ. ಹೊಸ ಬಂಡವಾಳ ದೊರೆಯದೆ, ಮಾರಾಟದ ಮಾತುಕತೆಗಳೂ ಫಲಿಸದೆ, 2024ರ ಜುಲೈನಲ್ಲಿ ‘ಕೂ’ ಮುಚ್ಚಿಹೋಯಿತು. ದೇಶಭಾಷೆಗಳಿಗೆ ಮೊದಲ ಮಣೆ ಹಾಕಿದ ಆ ಪ್ರಯತ್ನದ ಸದುದ್ದೇಶವನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಆದರೆ ಅದರ ರಚನೆ ಟ್ವಿಟ್ಟರಿನದೇ ಆಗಿದ್ದಿತು: ಒಂದು ಕಂಪನಿ, ಒಂದು ಕಣಜ, ಒಂದು ಬೀಗ. ಕಂಪನಿ ನಿಂತಾಗ, ಅಲ್ಲಿ ಕನ್ನಡದಲ್ಲಿ ಬರೆದು ಬೆಳೆಸಿಕೊಂಡಿದ್ದ ಓದುಗರ ಬಳಗವನ್ನು ಬರೆದವರು ಇನ್ನೊಂದೆಡೆಗೆ ಕೊಂಡೊಯ್ಯಲಾರದೆ ಹೋದರು. 2014ರಲ್ಲಿ ಆರ್ಕುಟ್, 2019ರಲ್ಲಿ ಗೂಗಲ್ ಪ್ಲಸ್ ಮುಚ್ಚಿದಾಗಲೂ ಆದದ್ದು ಇದೇ. ಒಡೆಯನು ಸ್ವದೇಶಿಯಾದ ಮಾತ್ರಕ್ಕೆ ಒಕ್ಕಲಿಗೆ ಹಕ್ಕು ಬರುವುದಿಲ್ಲ.

ಕರ್ನಾಟಕದ ಉಚ್ಚ ನ್ಯಾಯಾಲಯದ ಎರಡು ತೀರ್ಪುಗಳು ಇದೇ ವಿಷಯದ ಮತ್ತೊಂದು ಮುಖವನ್ನು ಕಾಣಿಸುತ್ತವೆ. ಖಾತೆಗಳನ್ನು ತಡೆಹಿಡಿಯಬೇಕೆಂಬ ಕೇಂದ್ರ ಸರ್ಕಾರದ ಆಜ್ಞೆಗಳನ್ನು ಪ್ರಶ್ನಿಸಿ ಟ್ವಿಟ್ಟರ್ ಸಲ್ಲಿಸಿದ್ದ ಅರ್ಜಿಯನ್ನು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತರು 2023ರ ಜೂನ್ 30ರಂದು 50 ಲಕ್ಷ ರೂಪಾಯಿ ದಂಡಸಹಿತವಾಗಿ ವಜಾ ಮಾಡಿದರು. ಬರಹಗಳನ್ನು ತೆಗೆದುಹಾಕಬೇಕೆಂಬ ಸರ್ಕಾರಿ ಸೂಚನೆಗಳನ್ನು ತಾಣಗಳಿಗೆ ಕಳುಹಿಸುವ ‘ಸಹಯೋಗ್’ ಪೋರ್ಟಲನ್ನು ಪ್ರಶ್ನಿಸಿ, ಅಷ್ಟರಲ್ಲಿ ಎಕ್ಸ್ ಎಂದು ಹೆಸರು ಬದಲಿಸಿಕೊಂಡಿದ್ದ ಅದೇ ಕಂಪನಿ ಸಲ್ಲಿಸಿದ ಅರ್ಜಿಯನ್ನು ನ್ಯಾಯಮೂರ್ತಿ ಎಂ. ನಾಗಪ್ರಸನ್ನರು 2025ರ ಸೆಪ್ಟೆಂಬರ್ 24ರಂದು ವಜಾ ಮಾಡಿದರು. ತೀರ್ಪುಗಳ ಗುಣದೋಷ ಇಲ್ಲಿ ಪ್ರಸ್ತುತವಲ್ಲ. ಎರಡು ವ್ಯಾಜ್ಯಗಳಲ್ಲಿಯೂ ವಾದಿಯು ಕಂಪನಿ, ಪ್ರತಿವಾದಿಯು ಸರ್ಕಾರ. ಯಾರ ಮಾತಿನ ಅಳಿವು ಉಳಿವು ಚರ್ಚೆಯಲ್ಲಿತ್ತೋ ಆ ಬರಹಗಾರನ ಪರವಾಗಿ ವಾದಿಸುವ ಭಾರವೆಲ್ಲ, ತನ್ನ ವ್ಯಾಪಾರದ ಹಿತವನ್ನೂ ಕಾಯ್ದುಕೊಳ್ಳಬೇಕಾದ ಕಂಪನಿಯ ಮೇಲೆಯೇ ಬಿದ್ದಿತೆಂಬುದಷ್ಟನ್ನು ಗಮನಿಸಿದರೆ ಸಾಕು.

ಒಂದು ಕೆರೆಯಲ್ಲ, ಕೆರೆಗಳ ಸಾಲು

ಒಕ್ಕೂಟದ ಜಾಲ ಹೇಗೆ ನಡೆಯುತ್ತದೆಂಬುದನ್ನು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಜನಕ್ಕೆ ವಿವರಿಸುವುದು ಕಷ್ಟವಲ್ಲ. ಅಂಥದೊಂದು ವ್ಯವಸ್ಥೆಯ ನಡುವೆಯೇ ಅವರು ತಲೆತಲಾಂತರದಿಂದ ಬಾಳಿದವರು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಹಿಂದಿನವರು ಒಂದು ಮಹಾಜಲಾಶಯವನ್ನು ಕಟ್ಟಲಿಲ್ಲ. ಇಳಿಜಾರನ್ನು ನೋಡಿಕೊಂಡು ಊರಿಗೊಂದರಂತೆ ಕೆರೆಗಳನ್ನು ಕಟ್ಟಿದರು. ಚಿಕ್ಕಬಳ್ಳಾಪುರವು 2007ರಲ್ಲಿ ಬೇರೆ ಜಿಲ್ಲೆಯಾಗುವುದಕ್ಕೆ ಮುಂಚಿನ ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ಇಂಥ ಕೆರೆಗಳು ನಾಲ್ಕು ಸಾವಿರಕ್ಕೂ ಮಿಕ್ಕು ಇದ್ದುವು. ಪ್ರತಿಯೊಂದಕ್ಕೂ ತನ್ನದೇ ಏರಿ, ತನ್ನದೇ ತೂಬು, ತನ್ನದೇ ಅಚ್ಚುಕಟ್ಟು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ. ಅದು ತುಂಬಿದರೆ ಅದರ ಕೆಳಗಿನದಕ್ಕೆ. ಒಂದು ಕೆರೆಯ ಏರಿ ಒಡೆದರೆ ಆ ಊರಿಗೂ ಅದರ ಕೆಳಗಿನವರಿಗೂ ಕಷ್ಟವೇ ಹೊರತು ಸೀಮೆಯೆಲ್ಲ ಬರಿದಾಗುತ್ತಿರಲಿಲ್ಲ. ಎಲ್ಲಿ ಹೊಸ ಕೆರೆ ಕಟ್ಟಿದರೆ ಕೆಳಗಿನವರಿಗೆ ಅನ್ಯಾಯವಾದೀತೆಂಬ ವಿಚಾರಕ್ಕೂ ಕಟ್ಟಳೆಯಿತ್ತು. ಪಾಲಾರ್ ಮೊದಲಾದ ನದಿಗಳ ವಿಷಯದಲ್ಲಿ ಮೈಸೂರಿಗೂ ಮದರಾಸಿಗೂ 1892ರಲ್ಲಿ ಆದ ಒಪ್ಪಂದವು ಅದರದೇ ದೊಡ್ಡ ರೂಪ.

ಮಾಸ್ಟೊಡಾನ್ ಮೊದಲಾದವುಗಳ ರಚನೆಯೂ ಈ ಬಗೆಯದೇ. ಒಂದೊಂದು ಸರ್ವರೂ ಒಂದೊಂದು ಕೆರೆ: ಅದಕ್ಕೆ ಅದರದೇ ಯಂತ್ರ, ಅದರದೇ ನಿಯಮ, ಅದನ್ನು ನಡೆಸುವ ಅಡ್ಮಿನ್. ಸದಸ್ಯನ ವಿಳಾಸದಲ್ಲಿ ಅವನ ಹೆಸರಿನ ಜತೆಗೆ ಸರ್ವರಿನ ಹೆಸರೂ ಸೇರಿರುತ್ತದೆ. ಇಮೇಲ್ ವಿಳಾಸವೂ ಹಾಗೆಯೇ ತಾನೆ? ಒಂದು ಸರ್ವರಿನವನು ಇನ್ನೊಂದು ಸರ್ವರಿನವಳನ್ನು ಅನುಸರಿಸತೊಡಗಿದನೆನ್ನಿ: ಆ ವಿನಂತಿಯು ಅವಳ ಸರ್ವರಿಗೆ ತಲುಪುತ್ತದೆ, ಅಂದಿನಿಂದ ಅವಳು ಬರೆದುದರ ಒಂದೊಂದು ಪ್ರತಿಯನ್ನೂ ಅವಳ ಸರ್ವರು ಇವನ ಸರ್ವರಿನ ಅಂಚೆಪೆಟ್ಟಿಗೆಗೆ ಕಳುಹಿಸುತ್ತದೆ. ಯಾವ ರೂಪದಲ್ಲಿ ಕಳುಹಿಸಬೇಕು, ಹೇಗೆ ಸ್ವೀಕರಿಸಬೇಕು ಎಂಬ ಕಟ್ಟಳೆಗೆ ‘ಆಕ್ಟಿವಿಟಿಪಬ್’ ಎಂದು ಹೆಸರು. ಜಾಗತಿಕ ಜಾಲದ ಮಾನದಂಡಗಳನ್ನು ಗೊತ್ತುಮಾಡುವ ಡಬ್ಲ್ಯೂ3ಸಿ ಸಂಸ್ಥೆಯು 2018ರ ಜನವರಿ 23ರಂದು ಇದನ್ನು ಅಧಿಕೃತ ಶಿಫಾರಸಾಗಿ ಪ್ರಕಟಿಸಿತು. ಚಿತ್ರಗಳಿಗೆ ಪಿಕ್ಸೆಲ್‌ಫೆಡ್, ವಿಡಿಯೊಗಳಿಗೆ ಪಿಯರ್‌ಟ್ಯೂಬ್, ಚರ್ಚೆಗೆ ಲೆಮ್ಮಿ, ಎಲ್ಲವೂ ಇದೇ ಕಟ್ಟಳೆಯನ್ನು ಅನುಸರಿಸುವುದರಿಂದ, ಒಂದರಲ್ಲಿ ಖಾತೆಯಿದ್ದವನು ಮತ್ತೊಂದರಲ್ಲಿರುವವನನ್ನು ಓದಬಲ್ಲನು. ಫೇಸ್‌ಬುಕ್ಕಿನ ಒಡೆಯರಾದ ಮೆಟಾ ಕಂಪನಿ 2023ರಲ್ಲಿ ಹೊರತಂದ ‘ಥ್ರೆಡ್ಸ್’ ಕೂಡ ಆಮೇಲೆ ಈ ಕಟ್ಟಳೆಗೆ ಅಂಶತಃ ಒಳಪಟ್ಟಿದೆ. ಮೆಟಾವನ್ನು ನಂಬದ ಅನೇಕ ಸಣ್ಣ ಸರ್ವರುಗಳು ಥ್ರೆಡ್ಸಿನ ಪಾಲಿಗೆ ಮೊದಲೇ ಬಾಗಿಲು ಹಾಕಿಕೊಂಡುವು.

ಹಾಗೆ ಬಾಗಿಲು ಹಾಕಿಕೊಳ್ಳುವ ಅಧಿಕಾರವೇ ಈ ವ್ಯವಸ್ಥೆಯ ಜೀವಾಳ. 2019ರಲ್ಲಿ, ದ್ವೇಷಭಾಷಣಕ್ಕೆ ಕುಪ್ರಸಿದ್ಧವಾದ ಅಮೆರಿಕದ ‘ಗ್ಯಾಬ್’ ಎಂಬ ತಾಣವು ಮಾಸ್ಟೊಡಾನಿನ ಮುಕ್ತ ತಂತ್ರಾಂಶವನ್ನೇ ತೆಗೆದುಕೊಂಡು ಒಕ್ಕೂಟಕ್ಕೆ ಸೇರಲು ಬಂದಿತು. ಅದನ್ನು ನಿಷೇಧಿಸಬಲ್ಲ ಕೇಂದ್ರಾಧಿಕಾರಿ ಯಾರೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬಹುತೇಕ ಸರ್ವರುಗಳು ತಮ್ಮತಮ್ಮ ವಿವೇಚನೆಯಿಂದ ಅದರ ಸಂಪರ್ಕವನ್ನು ಕಡಿದುಕೊಂಡುದರಿಂದ, ಅದು ತನ್ನ ಅಂಗಳದಲ್ಲಿ ತಾನು ಕೂಗಿಕೊಳ್ಳುವ ಸ್ಥಿತಿಗೆ ಬಂದಿತು. ವಾಕ್ ಸ್ವಾತಂತ್ರ್ಯವೂ ಕೇಳದಿರುವ ಸ್ವಾತಂತ್ರ್ಯವೂ ಒಂದಕ್ಕೊಂದು ಭಂಗ ತಾರದೆ ಇರಬಲ್ಲವೆಂಬುದಕ್ಕೆ ಇದು ಸಾಕ್ಷಿ.

ಕೆರೆಯ ಸಾಮ್ಯ ಒಂದು ಕಡೆ ಮುರಿದುಬೀಳುತ್ತದೆ, ಅದನ್ನೂ ಹೇಳಬೇಕು. ಮೇಲಿನ ಕೆರೆಯಿಂದ ಹರಿದ ನೀರು ಮೇಲೆ ಉಳಿಯುವುದಿಲ್ಲ. ಸರ್ವರಿನಿಂದ ಹೊರಟ ಮಾತಾದರೋ ಮೂಲದಲ್ಲಿಯೂ ಉಳಿದು, ತಲುಪಿದಲ್ಲೆಲ್ಲ ಒಂದೊಂದು ಪ್ರತಿಯಾಗಿ ನಿಲ್ಲುತ್ತದೆ. ಬರೆದವನು ಅಳಿಸಿದರೆ ಅಳಿಸುವ ಸೂಚನೆ ಎಲ್ಲ ಸರ್ವರುಗಳಿಗೂ ಹೋಗುತ್ತದೆ, ಆದರೆ ಅದನ್ನು ಪಾಲಿಸುವಂತೆ ಬಲಾತ್ಕರಿಸುವ ಉಪಾಯವಿಲ್ಲ. ಅದೂ ಅಲ್ಲದೆ, ಇಬ್ಬರೇ ಓದಲೆಂದು ಬರೆದ ಖಾಸಗಿ ಸಂದೇಶಗಳನ್ನು ಮಾಸ್ಟೊಡಾನಿನಲ್ಲಿ ಎರಡೂ ಕಡೆಯ ಸರ್ವರ್ ನಡೆಸುವವರು ಬಯಸಿದರೆ ಓದಬಹುದು; ವಾಟ್ಸ್ಆ್ಯಪ್, ಸಿಗ್ನಲ್‌ಗಳಲ್ಲಿರುವಂತೆ ಕಳುಹಿಸಿದವನಿಗೂ ಪಡೆದವನಿಗೂ ಮಾತ್ರ ಬಿಡಿಸಲಾಗುವ ಗೂಢಲಿಪಿ ಅಲ್ಲಿಲ್ಲ. ಗುಟ್ಟಿನ ಮಾತಿಗೆ ಅದು ಸ್ಥಳವಲ್ಲ.

ನೀರಗಂಟಿಯ ಲೆಕ್ಕ

ಕೆರೆಗಳು ತಾವಾಗಿಯೇ ನಡೆಯುತ್ತಿದ್ದುವೆಂಬ ಭ್ರಾಂತಿ ಯಾರಿಗೂ ಬೇಡ. ತೂಬನ್ನು ಎತ್ತಿ ಇಳಿಸಿ, ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂದು ನಿರ್ಣಯಿಸಿ, ಮಳೆಯ ರಾತ್ರಿಯಲ್ಲಿ ಏರಿಯ ಮೇಲೆ ನಡೆದು ಬಿರುಕುಗಳನ್ನು ನೋಡುತ್ತಿದ್ದವನು ನೀರಗಂಟಿ. ಗಂಗರ ಕಾಲದ ಶಾಸನಗಳಲ್ಲಿ ಬರುವ ಬಿಟ್ಟುವಟ್ಟವೆಂಬ ದತ್ತಿಯೂ, ಮುಂದಿನ ಕಾಲದ ಕಟ್ಟುಕೊಡಿಗೆಯೂ ಕೆರೆ ಕಟ್ಟುವುದಕ್ಕೂ ಅದರ ಪೋಷಣೆಗೂ ಬಿಟ್ಟ ಭೂಮಿಗಳು. ಎಂದರೆ ಕೆರೆಯ ಜತೆಗೇ ಅದರ ರಿಪೇರಿಯ ಖರ್ಚಿಗೂ ದಾರಿ ಮಾಡಿಟ್ಟಿದ್ದರು. ಆ ವ್ಯವಸ್ಥೆಯನ್ನು ಹೊಗಳುವವರು ಅದರ ಕಳಂಕವನ್ನೂ ಮರೆಯಬಾರದು. ನೀರು ಹಂಚುತ್ತಿದ್ದ ನೀರಗಂಟಿಯು ಹೆಚ್ಚಾಗಿ ದಲಿತನು. ಊರಿಗೆಲ್ಲ ನೀರು ಕೊಟ್ಟವನಿಗೆ ಅಚ್ಚುಕಟ್ಟಿನಲ್ಲಿ ನೆಲವಿದ್ದುದು ಅಪೂರ್ವ, ಕೂಲಿಯೆಂದರೆ ಸುಗ್ಗಿಯಲ್ಲಿ ಅಳೆದುಕೊಟ್ಟ ಒಂದಿಷ್ಟು ಧಾನ್ಯ. ಕಾಲಕ್ರಮದಲ್ಲಿ ಕೆರೆಗಳು ಇಲಾಖೆಗಳ ಸೊತ್ತಾದುವು, ಹಳೆಯ ಗ್ರಾಮಾಧಿಕಾರಗಳು ಕಾನೂನಿನಿಂದ ರದ್ದಾದುವು, ರೈತರು ಒಬ್ಬೊಬ್ಬರಾಗಿ ಸಾವಿರ ಅಡಿಗೂ ಆಳಕ್ಕೆ ಕೊಳವೆಬಾವಿ ಕೊರೆಸಿದರು. ಯಾರದೂ ಅಲ್ಲದ ಕೆರೆಯಲ್ಲಿ ಹೂಳು ತುಂಬಿತು. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆನೀರನ್ನು ಪಂಪುಮಾಡಿ ಈ ಜಿಲ್ಲೆಯ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಕೆರೆ ತುಂಬಿದುದು ನಿಜ; ಆ ನೀರಿನ ಗುಣವನ್ನು ಕುರಿತ ವಾದ ನ್ಯಾಯಾಲಯಗಳವರೆಗೆ ಹೋದುದೂ ನಿಜ. ಪಂಪಿನ ಗುಂಡಿ ಮಾತ್ರ ಊರಿನಲ್ಲಿಲ್ಲ.

ವಿಕೇಂದ್ರಿತ ಜಾಲಗಳ ದೌರ್ಬಲ್ಯವೂ ಇಲ್ಲಿಯೇ ಇದೆ. ಜಾಹೀರಾತಿಲ್ಲದ ಸರ್ವರಿಗೆ ಬಾಡಿಗೆಯನ್ನು ಯಾರಾದರೂ ಕೊಡಬೇಕು. ಬೇರೆ ಸರ್ವರುಗಳಿಂದ ಬರುವ ಚಿತ್ರಗಳ ಪ್ರತಿಗಳನ್ನೂ ಇಟ್ಟುಕೊಳ್ಳಬೇಕಾದುದರಿಂದ, ಸದಸ್ಯರು ನೂರೇ ಇದ್ದರೂ ಸಂಗ್ರಹದ ವೆಚ್ಚ ನೂರಕ್ಕೆ ನಿಲ್ಲುವುದಿಲ್ಲ. ತಂತ್ರಾಂಶದ ಹೊಸ ಆವೃತ್ತಿ ಬಂದಾಗ ಸ್ಥಾಪಿಸಬೇಕು. ಕಿಡಿಗೇಡಿಗಳ ಮೇಲೆ ದೂರು ಬಂದಾಗ ನಡುರಾತ್ರಿಯಾದರೂ ಓದಿ ನಿರ್ಣಯಿಸಬೇಕು. ಜಾತಿನಿಂದನೆಯ, ಅಶ್ಲೀಲದ, ಹಿಂಸೆಯ ಬರಹ ಚಿತ್ರಗಳನ್ನು ಇತರರು ನೋಡದಿರಲೆಂದು ತಾನು ನೋಡಬೇಕು. ಈ ಕೆಲಸವನ್ನು ಮಾಡುತ್ತಿರುವವರು ಬಹುಮಟ್ಟಿಗೆ ಸಂಬಳವಿಲ್ಲದ ಸ್ವಯಂಸೇವಕರು. ಅವರು ದಣಿದರೆ ಸರ್ವರು ಮುಚ್ಚುತ್ತದೆ. ಸಾವಿರಾರು ಸದಸ್ಯರಿದ್ದ ‘ಮಾಸ್ಟೊಡಾನ್.ಲಾಲ್’ ಎಂಬ ಸರ್ವರನ್ನು ಅದರ ಅಡ್ಮಿನ್ 2023ರಲ್ಲಿ ಕಿರುಕುಳ ತಾಳಲಾರದೆ ಮುಚ್ಚಿದನು. ‘ಕ್ವಿಯರ್.ಎಎಫ್’ ಎಂಬ ಮತ್ತೊಂದರ ಕಥೆ ಇನ್ನೂ ವಿಚಿತ್ರವಾದುದು: ‘ಎಎಫ್’ ಎಂಬುದು ಅಫ್ಘಾನಿಸ್ತಾನಕ್ಕೆ ಸೇರಿದ ಡೊಮೇನ್ ಆದುದರಿಂದ, 2024ರ ಫೆಬ್ರವರಿಯಲ್ಲಿ ತಾಲಿಬಾನ್ ಆಡಳಿತವು ಆ ಹೆಸರನ್ನೇ ಕಿತ್ತುಕೊಂಡಿತು.

ನೆಲದ ಕಾನೂನೂ ಸಣ್ಣವರಿಗೆ ವಿನಾಯಿತಿ ಕೊಟ್ಟಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮವೂ 2021ರ ನಿಯಮಗಳೂ ಕೋಲಾರದಲ್ಲಿ ಕುಳಿತು ಇನ್ನೂರು ಜನಕ್ಕೆ ಸರ್ವರ್ ನಡೆಸುವವನಿಗೂ ಅನ್ವಯಿಸುತ್ತವೆ. 50 ಲಕ್ಷಕ್ಕೆ ಮೇಲ್ಪಟ್ಟು ನೋಂದಾಯಿತ ಬಳಕೆದಾರರಿರುವ ದೊಡ್ಡ ತಾಣಗಳಿಗೆ ವಿಧಿಸಿದ ಹೆಚ್ಚಿನ ಹೊರೆ ಇವನ ಮೇಲೆ ಬೀಳದಿದ್ದರೂ, ದೂರುಗಳನ್ನು ಸ್ವೀಕರಿಸುವ ಅಧಿಕಾರಿಯ ಹೆಸರನ್ನು ಪ್ರಕಟಿಸಿ, ಗೊತ್ತಾದ ಅವಧಿಯೊಳಗೆ ಉತ್ತರ ಕೊಡುವ ಕರ್ತವ್ಯ ಇವನದೂ ಹೌದು. ಸರ್ಕಾರದ ಆಜ್ಞೆ ಬಂದಾಗ ಕಂಪನಿಯ ವಕೀಲರ ಪಡೆ ಇವನ ಬೆನ್ನಿಗಿರುವುದಿಲ್ಲ. ವಿಕೇಂದ್ರೀಕರಣವು ಅಧಿಕಾರವನ್ನು ಹಂಚುವಾಗ ಅಪಾಯವನ್ನೂ ಹಂಚುತ್ತದೆ.

ಸಣ್ಣ ಸರ್ವರುಗಳ ಈ ತೊಡಕನ್ನು ತಪ್ಪಿಸಿಕೊಳ್ಳಲು ಬೇರೆ ಹಾದಿಗಳನ್ನು ಹಿಡಿದವರೂ ಇದ್ದಾರೆ. ಟ್ವಿಟ್ಟರಿನೊಳಗೇ 2019ರಲ್ಲಿ ಸಂಕಲ್ಪಗೊಂಡು, ಆಮೇಲೆ ಜೇ ಗ್ರೇಬರ್ ಎಂಬಾಕೆಯ ನಾಯಕತ್ವದಲ್ಲಿ ಪ್ರತ್ಯೇಕವಾಗಿ ಬೆಳೆದು, 2024ರ ಫೆಬ್ರವರಿಯಲ್ಲಿ ಎಲ್ಲರಿಗೂ ತೆರೆದ ‘ಬ್ಲೂಸ್ಕೈ’ಯಲ್ಲಿ, ಸದಸ್ಯನ ಗುರುತನ್ನೂ ಬರಹವನ್ನೂ ಸರ್ವರಿನಿಂದ ಬೇರ್ಪಡಿಸಿ, ಅವನು ತನ್ನ ಗಂಟನ್ನು ಎತ್ತಿಕೊಂಡು ಬೇರೆಡೆಗೆ ಹೋಗುವಂತೆ ಯೋಜಿಸಲಾಗಿದೆ. 2024ರ ಆಗಸ್ಟಿನಲ್ಲಿ ಬ್ರೆಜಿಲಿನ ನ್ಯಾಯಾಲಯವು ಎಕ್ಸನ್ನು ತಡೆದಾಗ ಲಕ್ಷಾಂತರ ಜನ ಅಲ್ಲಿಗೆ ಹೋದರು. ಆದರೆ ಇಂದಿನವರೆಗೂ ಅದರ ಬಹುಪಾಲು ಸದಸ್ಯರು ಒಂದೇ ಕಂಪನಿಯ ಯಂತ್ರಗಳ ಮೇಲೆಯೇ ಇರುವರಾದ್ದರಿಂದ, ಅದರ ವಿಕೇಂದ್ರತೆ ಆಚರಣೆಗಿಂತ ಆಶ್ವಾಸನೆಯೇ ಹೆಚ್ಚು. ‘ನಾಸ್ಟರ್’ ಎಂಬ ಇನ್ನೊಂದು ವ್ಯವಸ್ಥೆಯಲ್ಲಿ ಪ್ರತಿಯೊಬ್ಬನ ಗುರುತೂ ಅವನ ಕೈಯಲ್ಲಿರುವ ಒಂದು ಗೂಢಾಕ್ಷರಮಾಲೆ. ಅದನ್ನು ಯಾವ ಸರ್ಕಾರವೂ ಕಂಪನಿಯೂ ಕಸಿಯಲಾರದು, ಆದರೆ ಕಳೆದುಕೊಂಡರೆ ಯಾರೂ ಮರಳಿ ಕೊಡಲಾರರು. ಇದು ಕೊಳವೆಬಾವಿಯ ಹಾದಿ: ಯಾರ ಹಂಗೂ ಇಲ್ಲ, ಬತ್ತಿದ ದಿನ ನೆರವಿಗೂ ಯಾರಿಲ್ಲ.

ಹೊರಡುವವರಿಗೆ

ಇಷ್ಟನ್ನು ತಿಳಿದೂ ಹೊರಡಬೇಕೆನ್ನುವವನು ಮೊದಲು ಮಾಡತಕ್ಕದ್ದು, ಹಳೆಯ ತಾಣದಲ್ಲಿ ತಾನು ಬರೆದುದರ ಪೂರ್ಣ ಪ್ರತಿಯನ್ನು ಇಳಿಸಿಕೊಳ್ಳುವುದು. ಫೇಸ್‌ಬುಕ್, ಎಕ್ಸ್ ಎರಡರಲ್ಲಿಯೂ ಅದಕ್ಕೆ ಸೌಕರ್ಯವಿದೆ. ಎರಡನೆಯದು ಸರ್ವರಿನ ಆಯ್ಕೆ. ಅತಿ ದೊಡ್ಡ ಸರ್ವರಿಗೆ ಎಲ್ಲರೂ ಸೇರಿದರೆ ಹಳೆಯ ಕೇಂದ್ರೀಕರಣವೇ ಹೊಸ ಹೆಸರಿನಲ್ಲಿ ಮರುಕಳಿಸುತ್ತದೆ. ಗುರುತಿಲ್ಲದ ಅತಿ ಸಣ್ಣದಕ್ಕೆ ಸೇರಿದರೆ ಅದು ನಾಳೆ ಇರುವ ಭರವಸೆಯಿಲ್ಲ. ಅದರ ನಿಯಮಗಳೇನು, ನಡೆಸುವವರು ಒಬ್ಬರೋ ಹಲವರೋ, ಖರ್ಚು ಎಲ್ಲಿಂದ ಬರುತ್ತದೆ, ಮುಚ್ಚುವುದಾದರೆ ಎಷ್ಟು ಮುಂಚಿತವಾಗಿ ತಿಳಿಸುವರು, ಇವನ್ನು ಸರ್ವರಿನ ಪರಿಚಯಪುಟದಲ್ಲಿ ಓದಿದ ಮೇಲೆಯೇ ಸೇರುವುದು ವಿವೇಕ. ಮಾಸ್ಟೊಡಾನಿನಲ್ಲಿ ಒಂದು ಸರ್ವರಿನಿಂದ ಮತ್ತೊಂದಕ್ಕೆ ಸ್ಥಳಾಂತರ ಮಾಡಿದಾಗ ಅನುಸರಿಸುವವರು ತಾವಾಗಿಯೇ ಹೊಸ ವಿಳಾಸಕ್ಕೆ ಬರುತ್ತಾರೆ. ಹಳೆಯ ಬರಹಗಳು ಮಾತ್ರ ಹಿಂದೆಯೇ ಉಳಿಯುತ್ತವೆ. ‘ಕೂ’ ಮುಚ್ಚಿದಾಗ ಕನ್ನಡಿಗರಿಗೆ ಇಲ್ಲದೆಹೋದುದು, ಅನುಸರಿಸುವವರನ್ನು ಜತೆಗೆ ಕರೆದೊಯ್ಯುವ ಈ ಸೌಲಭ್ಯವೇ.

ಮೂರನೆಯದು ತಾಳ್ಮೆ. ಮಾಸ್ಟೊಡಾನಿನಲ್ಲಿ ಯಾವುದನ್ನು ತೋರಿಸಿದರೆ ಓದುಗ ಹೆಚ್ಚು ಹೊತ್ತು ಕೂರುವನೆಂದು ಲೆಕ್ಕ ಹಾಕುವ ಯಂತ್ರವಿಲ್ಲ. ಬರಹಗಳು ಬರೆದ ಹೊತ್ತಿನ ಕ್ರಮದಲ್ಲಿಯೇ ಬರುತ್ತವೆ. ಆದುದರಿಂದ ಮೊದಮೊದಲು ಪುಟ ಬರಿದಾಗಿ ಕಾಣುತ್ತದೆ. ಬೇಕಾದವರನ್ನು ತಾನೇ ಹುಡುಕಿ ಅನುಸರಿಸಬೇಕು. ಕೋಲಾರ, ರೇಷ್ಮೆ, ಕನ್ನಡ ಮುಂತಾದ ವಿಷಯಸೂಚಕ ಹ್ಯಾಶ್‌ಟ್ಯಾಗುಗಳನ್ನು ಹಾಕಬೇಕು. ಬರಹದ ಭಾಷೆ ಕನ್ನಡವೆಂದು ಗುರುತುಮಾಡಿದರೆ ಕನ್ನಡವನ್ನಷ್ಟೇ ಓದಬಯಸುವವರಿಗೆ ಅದು ಸಿಗುತ್ತದೆ. ಅಕ್ಷರಗಳನ್ನು ಎಣಿಸುವ ರೀತಿಯಲ್ಲಿಯೂ ಕನ್ನಡಕ್ಕೆ ಇಲ್ಲೊಂದು ಅನುಕೂಲವಿದೆ. ಒತ್ತಕ್ಷರಗಳಿಂದ ಕೂಡಿದ ‘ಸ್ತ್ರೀ’ ಎಂಬ ಪದವನ್ನು ಎಕ್ಸ್ ತನ್ನ 280ರ ಮಿತಿಯಲ್ಲಿ ಆರೆಂದು ಎಣಿಸಿದರೆ, ಮಾಸ್ಟೊಡಾನ್ ತನ್ನ 500ರ ಮಿತಿಯಲ್ಲಿ ಮೂರೆಂದು ಎಣಿಸುತ್ತದೆ. ಹಳೆಯ ಖಾತೆಯನ್ನು ಒಮ್ಮೆಗೇ ಮುಚ್ಚುವ ವೀರಪ್ರತಿಜ್ಞೆ ಅನಾವಶ್ಯಕ. ಹಾಲಿನ ಡೇರಿಯ, ಶಾಲೆಯ, ನೆಂಟರಿಷ್ಟರ ಗುಂಪುಗಳೆಲ್ಲ ವಾಟ್ಸ್ಆ್ಯಪಿನಲ್ಲಿರುವಾಗ ಒಬ್ಬನೇ ಹೊರಬಂದರೆ ಅವನಿಗೆ ಏಕಾಂತ ಸಿಕ್ಕೀತೇ ಹೊರತು ಸ್ವಾತಂತ್ರ್ಯ ಸಿಕ್ಕದು. ಒಂದು ಗೆಳೆಯರ ಕೂಟ, ಒಂದು ಸಂಘ, ಒಂದು ಸಣ್ಣ ಪತ್ರಿಕೆ ಒಟ್ಟಾಗಿ ಹೋದರೆ ಮಾತ್ರ ಹೋದದ್ದು ಸಾರ್ಥಕ.

ಕನ್ನಡದ ಸರ್ವರನ್ನು ಯಾರು ನಡೆಸಬೇಕು?

ಯೂರೋಪಿನಲ್ಲಿ ಈ ಕೆಲಸವನ್ನು ಸಂಸ್ಥೆಗಳೇ ಕೈಗೆತ್ತಿಕೊಂಡಿವೆ. ಯೂರೋಪಿಯನ್ ಒಕ್ಕೂಟದ ಆಯೋಗವೂ, ನೆದರ್ಲೆಂಡ್ಸ್ ಸರ್ಕಾರವೂ ತಮ್ಮತಮ್ಮ ಸರ್ವರುಗಳನ್ನು ಸ್ಥಾಪಿಸಿಕೊಂಡಿವೆ. ಬಿಬಿಸಿ 2023ರಲ್ಲಿ ಪ್ರಯೋಗಾರ್ಥವಾಗಿ ಒಂದನ್ನು ತೆರೆಯಿತು. ಅವುಗಳ ವಿಳಾಸವೇ ಅವುಗಳ ದೃಢೀಕರಣ. ಹಣ ಕೊಟ್ಟು ನೀಲಿ ಗುರುತು ಕೊಳ್ಳಬೇಕಾಗಿಲ್ಲ. ನಮ್ಮಲ್ಲಿಯೂ ಇದಕ್ಕೆ ಅರ್ಹವಾದ ಸಂಸ್ಥೆಗಳಿಗೆ ಕೊರತೆಯಿಲ್ಲ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿಗೆ ತಾಲ್ಲೂಕು ತಾಲ್ಲೂಕಿನಲ್ಲಿ ಶಾಖೆಗಳಿವೆ. ಬೆಂಗಳೂರು ಉತ್ತರ ವಿಶ್ವವಿದ್ಯಾಲಯವು ಕೋಲಾರದ ಟಮಕದಲ್ಲಿಯೇ ಇದೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಅರಿವು ಕೇಂದ್ರಗಳೆಂಬ ಹೆಸರಿನಲ್ಲಿ ಹೊಸ ರೂಪ ತಾಳಿವೆ. 2003ರಿಂದ ಕನ್ನಡ ವಿಕಿಪೀಡಿಯವನ್ನು ಸ್ವಯಂಸೇವಕರು ಬೆಳೆಸಿಕೊಂಡು ಬಂದಿರುವುದು, ಒಡೆಯನಿಲ್ಲದ ಕೆಲಸವನ್ನು ಕನ್ನಡಿಗರು ಶಿಸ್ತಿನಿಂದ ಮಾಡಬಲ್ಲರೆಂಬುದಕ್ಕೆ ನಿದರ್ಶನ. ಮಾಸ್ಟೊಡಾನಿನ ಕನ್ನಡ ಅನುವಾದವು ಅಪೂರ್ಣವಾಗಿದೆ. ಅದನ್ನು ಮುಗಿಸುವುದು ಒಂದು ಕಾಲೇಜಿನ ಕನ್ನಡ ಮತ್ತು ಕಂಪ್ಯೂಟರ್ ವಿಭಾಗಗಳು ಕೂಡಿ ಮಾಡಬಹುದಾದ ಕೆಲಸ.

ಇಂಥ ಸಂಸ್ಥೆಯೊಂದು ಮುಂದೆ ಬಂದರೆ ಉದ್ಘಾಟನೆಯ ಸಮಾರಂಭಕ್ಕಿಂತ ಮೊದಲು ಗೊತ್ತುಮಾಡಬೇಕಾದ ಅಂಶಗಳು ಮೂರು. ಸರ್ವರಿನ ಬಾಡಿಗೆ ಪ್ರತಿವರ್ಷದ ಆಯವ್ಯಯದಲ್ಲಿ ಒಂದು ಸ್ಥಿರವಾದ ಬಾಬತ್ತಾಗಿರಬೇಕು, ಯಾರೋ ಉತ್ಸಾಹಿಯ ಜೇಬಿನಿಂದ ಹೋಗಬಾರದು. ದೂರುಗಳನ್ನು ಓದಿ ನಿರ್ಣಯಿಸುವವರು ಒಂದೇ ಜಾತಿಯ, ಒಂದೇ ಪಕ್ಷದ, ಗಂಡಸರೇ ತುಂಬಿದ ಮಂಡಲಿಯಾಗಿರಬಾರದು. ನೀರು ಹಂಚುವ ಕೈ ಯಾರದೆಂಬುದು ಅಚ್ಚುಕಟ್ಟಿನ ಇತಿಹಾಸದಲ್ಲಿ ಎಷ್ಟು ಮುಖ್ಯವಾಗಿತ್ತೋ ಇಲ್ಲಿಯೂ ಅಷ್ಟೇ ಮುಖ್ಯ. ಮೂರನೆಯದಾಗಿ, ಆ ಕೆಲಸ ಮಾಡುವವರಿಗೆ ಸಂಬಳ ಸಲ್ಲಬೇಕು. ಸೇವೆಯೆಂಬ ಹೆಸರಿನಲ್ಲಿ ಪುಕ್ಕಟೆ ದುಡಿಸಿಕೊಂಡು, ದಣಿದಾಗ ಇನ್ನೊಬ್ಬನನ್ನು ಹುಡುಕುವ ಪದ್ಧತಿಯಿಂದ ಯಾವ ಸಾರ್ವಜನಿಕ ವ್ಯವಸ್ಥೆಯೂ ಎರಡು ತಲೆಮಾರು ಬಾಳಿದುದಿಲ್ಲ.

ದೊಡ್ಡ ಕಂಪನಿಗಳು ನಮ್ಮನ್ನು ಹಿಡಿದಿಟ್ಟಿರುವುದು ಕೇವಲ ಯಂತ್ರಬಲದಿಂದಲ್ಲ. ಈ ನಿತ್ಯದ ಪೋಷಣೆಯ ಕಷ್ಟವನ್ನು ಅವು ತಮ್ಮ ಮೇಲೆ ಹಾಕಿಕೊಂಡು, ಅದರ ಬೆಲೆಯನ್ನು ನಮ್ಮ ಗಮನದಿಂದಲೂ ನಮ್ಮ ಖಾಸಗಿ ಸಂಗತಿಗಳಿಂದಲೂ ವಸೂಲು ಮಾಡುತ್ತವೆ. ಅವುಗಳನ್ನು ಬಿಟ್ಟು ಬರುವವನು ಆ ಬೆಲೆಯನ್ನು ಬೇರೆ ನಾಣ್ಯದಲ್ಲಿ, ಎಂದರೆ ತಿಂಗಳಿಗಿಷ್ಟು ಹಣದಲ್ಲಿಯೋ ವಾರಕ್ಕಿಷ್ಟು ದುಡಿಮೆಯಲ್ಲಿಯೋ, ಕೊಡಲು ಸಿದ್ಧನಾಗಿಯೇ ಬರಬೇಕು. ಆ ಸಿದ್ಧತೆಯಿರುವ ಐವತ್ತು ಜನ ಒಂದು ತಾಲ್ಲೂಕಿನಲ್ಲಿ ಸಿಕ್ಕಿದರೆ ಒಂದು ಕನ್ನಡ ಸರ್ವರನ್ನು ನಡೆಸುವುದು ಅಸಾಧ್ಯವೇನಲ್ಲ. ಆ ಸಿದ್ಧತೆಯಿಲ್ಲದ ಐದು ಲಕ್ಷ ಜನ ಒಂದೇ ದಿನ ವಲಸೆ ಹೋದರೂ, 2019ರ ನವೆಂಬರಿನಲ್ಲಿ ಆದಂತೆ, ಮುಂದಿನ ತಿಂಗಳೊಳಗೆ ಹಳೆಯ ಠಾವಿನಲ್ಲಿಯೇ ಇರುತ್ತಾರೆ.